ನಾಲ್ಕು ಬೆರಳಿನ ಗಡ್ಡೆ

ಅಕ್ಕನ ಮಗಳು ರಂಗಿ ಹೊಂಗೆಯ ನೆರಳಿನಲ್ಲಿ ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಸುಂದ್ರಮ್ಮ ತಲೆಯ ಮೇಲಿನ ಗೊಬ್ಬರದ ಮಂಕರಿಯನ್ನು ಇಳಿಸಿ, ಅತ್ತ ಇತ್ತ ನೋಡಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಗುವಿನ ಎಡಗಡೆಯ ಪಕ್ಕೆಲುಬಿನ ಕೆಳಗೆ ಬೆರಳು ಜೋಡಿಸಿಟ್ಟು ಒತ್ತಿದಳು. ಮೆತ್ತಗಿತ್ತು. ಇನ್ನೊಂದಿಷ್ಟು ಆಳಕ್ಕೆ ಒತ್ತಿದಳು. ಅಲ್ಲೂ ಮೆತ್ತಗೆ. ಕೂಸು ನಿದ್ದೆಯಲ್ಲೇ ಕಚಗುಳಿಯಾಗಿ ನಕ್ಕು ಮಗ್ಗುಲು ಬದಲಾಯಿಸಿತು.

ಒಂದೇ ಒಂದು ಬೆರಳಿನಷ್ಟು ಗಟ್ಟಿ ಸಿಕ್ಕಿದ್ದರೂ ಸುಂದ್ರಮ್ಮನ ಎದೆ ಆ ಹೊತ್ತಿಗೆ ತಣ್ಣಗಾಗುತ್ತಿತ್ತು. ಸಿಗಲಿಲ್ಲ. ಒಡಹುಟ್ಟಿದವಳ ಕೂಸಿಗೆ ರೋಗವಿಲ್ಲ ಎಂದು ಸಂಕಟಪಡುವವಳು ತಾನೊಬ್ಬಳೇ ಇರಬೇಕು ಎಂದು ಅವಳಿಗೆ ಅನಿಸಿತು. ಅನಿಸಿದರೂ ಸಂಕಟ ಕಮ್ಮಿಯಾಗಲಿಲ್ಲ. ಮಂಕರಿ ಎತ್ತಿ ತಲೆಗಿಟ್ಟುಕೊಂಡು ಗುಲಾಬಿ ಮಡಿಯ ಕಡೆಗೆ ಹೋದಳು.

ಈ ಬೆರಳಿನ ಅಳತೆಯನ್ನು ಕೇರಿಗೆ ಕಲಿಸಿದವರು ಮಲೇರಿಯಾದವರು. ಹಿಂದಿನ ವರ್ಷ ಖಾಕಿ ನಿಕ್ಕರಿನ ಇಬ್ಬರು ಸೈಕಲ್ಲಿನಲ್ಲಿ ಬಂದು, ಕೇರಿಯ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸಿ, ಒಬ್ಬ ಹೊಟ್ಟೆ ಒತ್ತಿ ಕೂಗುವುದು, ಇನ್ನೊಬ್ಬ ಪುಸ್ತಕದಲ್ಲಿ ಬರೆಯುವುದು ಮಾಡಿದ್ದರು. ಎರಡು ಬೆರಳು. ಮೂರು. ಎರಡು. ನಾಲ್ಕು. ನಾಲ್ಕು ಎಂದದ್ದು ಸುಂದ್ರಮ್ಮನ ಮಗಳು ಚೆನ್ನಾಜಿಯ ಹೊಟ್ಟೆಗೆ. ಚಳಿಜ್ವರ ಬಂದು ಬಂದು ಒಳಗೆ ಬೆಳೆಯುವ ಜ್ವರಗಡ್ಡೆ ಅದು. ಪಕ್ಕೆಲುಬಿನಿಂದ ಕೆಳಕ್ಕೆ ಎಷ್ಟು ಬೆರಳು ಇಳಿದಿದೆಯೋ ಕೂಸು ಅಷ್ಟು ಕೆಟ್ಟಿದೆ ಎಂದರ್ಥ. ಅವರೇ ಅಲ್ಲಿಂದ ಹೊಸ ಬಡಾವಣೆಗೆ ಹೋಗಿ ಅಲ್ಲಿನ ಮಕ್ಕಳನ್ನೂ ನೋಡಿದರು. ಕೇರಿಯ ಹೆಂಗಸರು ಕಳ್ಳಿಬೇಲಿಯ ಈಚೆ ನಿಂತು ಕೇಳಿಸಿಕೊಂಡರು. ಸೊನ್ನೆ. ಸೊನ್ನೆ. ಸೊನ್ನೆ. ಕೊನೆಗೆ ತೋಟದ ಗುಡಿಸಲಿನ ಮುಂದೆ ಆಡುತ್ತಿದ್ದ ರಂಗಿಯನ್ನೂ ಮಲಗಿಸಿ ನೋಡಿ, ಸೊನ್ನೆ ಎಂದರು.

ಅವತ್ತಿನಿಂದ ಸುಂದ್ರಮ್ಮನಿಗೆ ಅಕ್ಕ ದೊಡ್ಡಮಾದಮ್ಮನ ಮುಖ ನೋಡಿದರೆ ಆಗುತ್ತಿರಲಿಲ್ಲ.

ಇಬ್ಬರೂ ಗುಂಡ್ಲುಪೇಟೆಯಾಚೆ ಹಂಗಳದವರು. ಒಂದೇ ಚಪ್ಪರದಡಿ ಒಂದೇ ದಿನ ಇಬ್ಬರಿಗೂ ಧಾರೆಯಾಗಿ, ಒಂದೇ ಗಾಡಿಯಲ್ಲಿ ಚಾಮರಾಜನಗರದ ಒಂದೇ ಕೇರಿಗೆ ಬಂದಿಳಿದವರು. ಅಕ್ಕ ಮಾದೇವನ ಮನೆಗೆ, ತಂಗಿ ಪುಟ್ಟಮಾದುವಿನ ಮನೆಗೆ. ಇಪ್ಪತ್ತು ದಿನದ ಅಂತರದಲ್ಲಿ ಹೆತ್ತವರು. ಎರಡು ವರ್ಷದ ಕೆಳಗೆ, ಏತ ತುಳಿಯುವ ಗಟ್ಟಿ ಆಳು ಬೇಕು ಎಂದು ಮಂಡಿ ಸಾಹುಕಾರರ ಲೆಕ್ಕ ಬರೆಯುವ ರೈಟರು ಕರಿಬಸವಯ್ಯ ಕೇರಿಗೆ ಬಂದ ದಿನ ಪುಟ್ಟಮಾದು ಬದನಗುಪ್ಪೆಗೆ ಕೂಲಿಗೆ ಹೋಗಿದ್ದ. ಮಾದೇವ ಜಗಲಿಯ ಮೇಲೆ ಕೂತಿದ್ದ. ಅಷ್ಟೇ ವ್ಯತ್ಯಾಸ. ಮಾದೇವ ತೋಟದ ಮಾಲಿಯಾದ, ದೊಡ್ಡಮಾದಮ್ಮ ಕೂಸನ್ನು ಎತ್ತಿಕೊಂಡು ತೋಟದ ಮೂಲೆಯ ಗುಡಿಸಲಿಗೆ ಹೋದಳು. ಗಂಡ ಅವತ್ತು ಒಂದು ದಿನ ಮೈಗಳ್ಳತನ ಮಾಡಿ ಮನೆಯಲ್ಲಿ ಉಳಿದಿದ್ದರೆ ಆ ಹೊಂಗೆಯ ನೆರಳು ಯಾರದಾಗಿರುತ್ತಿತ್ತು ಎಂದು ಸುಂದ್ರಮ್ಮ ಎಷ್ಟು ಸಲ ನೆನೆದಿದ್ದಾಳೋ.

ತೋಟ ಆದದ್ದು ಒಂದು ಉಬ್ಬಸದಿಂದ. ಮಂಡಿ ಸಾಹುಕಾರ ದೊಡ್ಡಮಲ್ಲಪ್ಪನವರ ಹೆಂಡತಿ ಗುರುಮಲ್ಲಮ್ಮನವರಿಗೆ ಉಬ್ಬಸ. ಮೈಸೂರಿನ ಡಾಕ್ಟರು, ಪೇಟೆಯ ಧೂಳು ಬಿಡಿಸಿ, ಹಸಿರಿನ ನಡುವೆ ಬೆಳಿಗ್ಗೆ ಸಂಜೆ ಓಡಾಡಿಸಿ, ಅದಕ್ಕಿಂತ ಒಳ್ಳೆಯ ಔಷಧಿ ಇಲ್ಲ ಎಂದರು. ದೊಡ್ಡಮಲ್ಲಪ್ಪನವರು ಹತ್ತು ವರ್ಷದ ಕೆಳಗೆ ಊರಾಚೆ ನಾಲ್ಕು ಎಕರೆ ಹಿಡಿದು, ಗುಂಡ್ಲುಪೇಟೆ ಕಡೆಯಿಂದ ಗಾಡಿಗಟ್ಟಲೆ ಹೊಂಗೆ, ಸಂಪಿಗೆ, ಬಾದಾಮಿ ಸಸಿ ತರಿಸಿ ನೆಡಿಸಿದರು. ಗಾಳಿ ಒಳ್ಳೆಯದು ಎಂದು ಗೊತ್ತಾದ ಮೇಲೆ ಸುತ್ತ ಹೆಂಚಿನ ಮನೆಗಳೆದ್ದವು, ವಕೀಲರು ಬಂದರು, ಮೇಷ್ಟರು ಬಂದರು, ಬಡಾವಣೆಯಾಯಿತು. ಆ ಮನೆಗಳಿಗೆಲ್ಲ ಇಟ್ಟಿಗೆ ಕೊಯ್ದದ್ದು ಕೇರಿಯ ಪಕ್ಕದ ಮಣ್ಣಿನಿಂದ. ಕೊಯ್ದವರು ಪುಟ್ಟಮಾದುವಿನಂಥ ಕೇರಿಯ ಗಂಡಸರೇ. ಮನೆ ಎದ್ದಷ್ಟೂ ಇಲ್ಲಿ ಗುಂಡಿ ಇಳಿಯಿತು. ಕೊನೆಗೆ ಬಡಾವಣೆಯ ಬಚ್ಚಲ ನೀರು, ತೋಟದ ಮಿಕ್ಕ ನೀರು ಎಲ್ಲ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಬಂತು. ಗುಂಡಿ ಇತ್ತಲ್ಲ. ತೋಟದ ಹಿಂಗೋಡೆಯ ಪಕ್ಕದಲ್ಲಿ ಚರಂಡಿ ತೆಗೆದು, ರಸ್ತೆಯಡಿ ಮೋರಿ ಹಾಯಿಸಿ, ತಂದು ಗುಂಡಿಗೆ ಬಿಟ್ಟರು. ಅವರ ಮೈ ತೊಳೆದ ನೀರು ಕೇರಿಯ ಬಾಗಿಲಲ್ಲಿ ಹಸಿರು ಬಣ್ಣಕ್ಕೆ ತಿರುಗಿ ನಿಂತಿತು. ಕೇರಿಯ ಪಾಲಿಗೆ ಬಂದ ಹಸಿರು ಅದೊಂದೇ.

ಮಲೇರಿಯಾದವರು ಗೋಡೆಗಳಿಗೆ ಡಿಡಿಟಿ ಹೊಡೆದು, ಗುಂಡಿ ಮುಚ್ಚಿಸಬೇಕು ಎಂದು ಬರೆದುಕೊಂಡು ಹೋದರು. ಗುಂಡಿ ಯಾರದು ಎಂದು ಯಾರೂ ಹೇಳಲಿಲ್ಲವಾಗಿ ಅದು ಹಾಗೇ ಉಳಿಯಿತು.

ತೋಟದ ಬಾಗಿಲಿಗೆ 'ಸಾರ್ವಜನಿಕ ಉದ್ಯಾನ' ಎಂದು ಬಣ್ಣದ ಹಲಗೆ ಹಾಕಿದ್ದರು. ಸಾರ್ವಜನಿಕರು ಎಂದರೆ ಯಾರು ಎನ್ನುವುದನ್ನು ಬಾಗಿಲಲ್ಲಿ ಕೂತ ಕಾವಲಿನವನು ನೋಡಿಕೊಳ್ಳುತ್ತಿದ್ದ. ಕೇರಿಯವರಿಗೆ ಪ್ರವೇಶವಿಲ್ಲ ಎಂದು ಅವನು ಯಾವತ್ತೂ ಹೇಳಿದವನಲ್ಲ. ತಲೆಯ ಮೇಲೆ ಗೊಬ್ಬರದ ಮಂಕರಿ ಇದ್ದರೆ ಬಿಡುತ್ತಿದ್ದ, ಇಲ್ಲದಿದ್ದರೆ ಏನು ಕೆಲಸ ಎಂದು ಕೇಳುತ್ತಿದ್ದ. ಸುಂದ್ರಮ್ಮನಿಗೆ ತೋಟದವರು ಕೊಟ್ಟ ಮಂಕರಿಯ ಕಂಠಕ್ಕೆ ಕೆಂಪು ಬಣ್ಣ ಬಳಿದಿತ್ತು, ಅಕ್ಕನ ಮಂಕರಿಗೂ ಹಾಗೇ. ಆ ಕೆಂಪು ಗುರುತು ತಲೆಯ ಮೇಲಿದ್ದಷ್ಟು ಹೊತ್ತು ಅವಳೂ ಒಳ್ಳೆಯ ಗಾಳಿ ಕುಡಿಯಬಹುದಾಗಿತ್ತು. ಎಷ್ಟೋ ಸಲ ಮಂಕರಿ ಖಾಲಿ ಮಾಡುವುದನ್ನು ಬೇಕೆಂದೇ ತಡಮಾಡುತ್ತಿದ್ದಳು. ಸಂಪಿಗೆಯ ಕೆಳಗೆ ನಿಂತು ಗಾಳಿಯನ್ನು ಎದೆ ತುಂಬ ಎಳೆದುಕೊಂಡು, ಇದನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಹೋಗುವ ಹಾಗಿದ್ದರೆ ಎಂದುಕೊಳ್ಳುತ್ತಿದ್ದಳು. ಅಕ್ಕನಿಗಾದರೋ ಗಂಟು ಕಟ್ಟುವ ಗೋಜೇ ಇಲ್ಲ. ಅವಳ ಕೂಸು ಅದರಲ್ಲೇ ಉಸಿರಾಡಿ ಅದರಲ್ಲೇ ನಿದ್ದೆ ಮಾಡುತ್ತಿತ್ತು.

ಅಕ್ಕ ಕೆಟ್ಟವಳಾಗಿದ್ದರೆ ಒಳ್ಳೆಯದಿತ್ತು, ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಅವಳು ಕೆಟ್ಟವಳಲ್ಲ. ಕೇರಿಯ ಬಾವಿಗೆ ಗುಂಡಿಯ ನೀರು ಒಸರಿ ನಾರುತ್ತಿತ್ತು. ಅದಕ್ಕೆ ದೊಡ್ಡಮಾದಮ್ಮ ಬೆಳಕು ಹರಿಯುವ ಹೊತ್ತಿಗೆ, ಕಾವಲಿನವನು ಬರುವ ಮುಂಚೆ, ಮಾದೇವ ಏತದಿಂದ ಎತ್ತಿದ ಮೊದಲ ನೀರನ್ನು ಕಳ್ಳಿಬೇಲಿಯ ಸಂದಿನಿಂದ ಈಚೆಯ ಕೊಡಗಳಿಗೆ ಬಗ್ಗಿಸುತ್ತಿದ್ದಳು. ಎರಡು ಕೊಡ, ಹೆಚ್ಚೆಂದರೆ ಮೂರು. ಮೊದಲ ಕೊಡ ಯಾವಾಗಲೂ ತಂಗಿಗೆ, ಜ್ವರದ ಕೂಸು ಇದೆ ಎಂದು. ಸುಂದ್ರಮ್ಮ ಕೊಡ ತುಂಬಿಸಿಕೊಳ್ಳುತ್ತಿದ್ದಳು, ಆ ನೀರನ್ನೇ ಮಗಳಿಗೆ ಕುಡಿಸುತ್ತಿದ್ದಳು, ಕೊಟ್ಟ ಕೈಯನ್ನು ಕಂಡರೆ ಮಾತ್ರ ಅವಳ ಮೈ ಉರಿಯುತ್ತಿತ್ತು. ಪಡೆಯುವವಳ ಜಾಗದಲ್ಲಿ ದಿನಾ ಬೆಳಿಗ್ಗೆ ಕೊಡ ಹಿಡಿದು ಬಗ್ಗಿ ನಿಂತು ನೋಡಿದವರಿಗೆ ಅದು ಗೊತ್ತು.

ಜ್ಯೇಷ್ಠದ ಬಿಸಿಲು. ಮೂರು ದಿನದಿಂದ ಚೆನ್ನಾಜಿಗೆ ಮತ್ತೆ ನಡುಕದ ಜ್ವರ. ಆಸ್ಪತ್ರೆಯ ಕ್ವಿನೈನ್ ಕುಡಿದು ಕೂಸಿನ ಬಾಯೆಲ್ಲ ಕಹಿಯಾಗಿ ನೀರು ನೀರು ಎನ್ನುತ್ತಿತ್ತು. ಅವತ್ತು ಬೆಳಿಗ್ಗೆ ಕಾವಲಿನವನು ಬೇಗನೆ ಬಂದುಬಿಟ್ಟ. ಏತದಿಂದ ಬೇಲಿಯ ತನಕ ಬಂದದ್ದು ಒಂದೇ ಒಂದು ಕೊಡದ ನೀರು. ಸುಂದ್ರಮ್ಮ ಕೊಡ ಮುಂದೆ ಮಾಡಿದಳು. ದೊಡ್ಡಮಾದಮ್ಮ ಅವಳ ಕೊಡವನ್ನು ಬಿಟ್ಟು ಪಕ್ಕದಲ್ಲಿದ್ದ ಮುದುಕಿಯ ಕೊಡಕ್ಕೆ ನೀರು ಹೊಯ್ದಳು. ಆ ಮುದುಕಿ, ಐದು ದಿನದ ಕೆಳಗೆ ಹೆತ್ತ ಮಲ್ಲಿಗಮ್ಮನ ಅತ್ತೆ.

"ಬಾಣಂತಿ ಕಣಮ್ಮಿ ಅವಳು, ಎದೇಲಿ ಹಾಲಿಲ್ಲ. ಇವತ್ತೊಂದಿನ ಅವಳ್ಗ ಓಗ್ಲಿ. ನಾಳ ನಿಂಗ ಎಲ್ಡು ಕೊಡ ಕೊಡ್ತೀನಿ."

"ಕೊಡು ಕೊಡು. ನಿನ್ನ ಬಾವಿ, ನಿನ್ನ ತೋಟ. ಯಾರ್ಗ ಬೇಕೋ ಅವ್ರಿಗ ಕೊಡು."

"ನನ್ನ ಬಾವಿಯಾ?" ಎಂದು ದೊಡ್ಡಮಾದಮ್ಮ ಹಿಂದೆ ತಿರುಗಿ ನೋಡಿಕೊಂಡಳು. "ಬಾಯಿ ಮುಚ್ಚು ಸುಂದ್ರಿ, ಯಾರಾರ ಕೇಳುಸ್ಕಂಡಾರು."

ಖಾಲಿ ಕೊಡ ಹೊತ್ತು ಮನೆಗೆ ಬಂದ ಸುಂದ್ರಮ್ಮ ಕೇರಿಯ ಬಾವಿಯ ನೀರನ್ನೇ ಬಟ್ಟೆಯಲ್ಲಿ ಸೋಸಿ ಮಗಳ ಬಾಯಿಗಿಟ್ಟಳು. ಕೂಸು ಮುಖ ತಿರುಗಿಸಿತು. ರಂಗಿ ಆಗಿದ್ದರೆ ಯಾವ ನೀರೆಂದು ನೋಡಬೇಕಾಗಿತ್ತೇ ಎಂದು ಅವಳಿಗೆ ಹೊಳೆಯಿತು. ಅಲ್ಲಿಗೆ ಅವಳ ತಲೆಯೊಳಗೆ ಬೇರೆ ಏನೂ ಉಳಿಯಲಿಲ್ಲ.

ಅವತ್ತೇ ಹೊತ್ತು ನೆತ್ತಿಗೇರುವ ಮುಂಚೆ ರೈಟರು ಕರಿಬಸವಯ್ಯ ಕೊಡೆ ಹಿಡಿದುಕೊಂಡು ತೋಟ ಸುತ್ತಲು ಬಂದರು. ಗುಲಾಬಿ ಮಡಿಯ ಹತ್ತಿರ ನಿಂತು, ಗೊಬ್ಬರ ಸುರಿಯುತ್ತಿದ್ದ ಸುಂದ್ರಮ್ಮನನ್ನು ಕೇಳಿದರು.

"ಏನಮ್ಮಿ, ನಿಮ್ ಭಾವ ನೀರು ಕಟ್ತಾನೋ ನಿದ್ದೆ ಮಾಡ್ತಾನೋ? ಗುಲಾಬಿ ಎಲ್ಲ ಜೋತು ಬಿದ್ದವೆ."

ಅದು ಬಿಸಿಲಿಗೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಮಂಕರಿಯನ್ನು ಕವುಚಿ ತಟ್ಟುತ್ತ, "ಗಿಡದ ನೀರು ಗಿಡಕ್ಕೇ ಓದ್ರ ಯಾಕ ಜೋತು ಬೀಳ್ತದ ಅಯ್ನೋರೆ" ಎಂದಳು.

"ಅಂದ್ರೆ?"

"ನಾನೇನು ಕಂಡಿವ್ನಿ. ಮಲ್ಲಿಗಮ್ಮನ ಮನೇಲಿ ಬಾಣಂತಿಗ ನೀರು ಎಲ್ಲಿಂದ ಬಂತು ಅಂತ ಕೇಳಿ."

ಹೇಳಿದ ಮೇಲೆ ಒಂದು ಗಳಿಗೆ ಮೈ ಹಗುರಾಯಿತು. ಅವಳ ಲೆಕ್ಕ ಕೇರಿಯ ಲೆಕ್ಕ. ಕೇರಿಯಲ್ಲಿ ಒಬ್ಬರ ಮೇಕೆ ಇನ್ನೊಬ್ಬರ ಹಿತ್ತಲಿಗೆ ನುಗ್ಗಿದರೆ ಯಜಮಾನ ನಿಂಗಯ್ಯ ತಪ್ಪು ಹಾಕುವುದು ಮೇಕೆಯವನಿಗೆ, ಬೇಲಿಯವನಿಗಲ್ಲ. ನೀರು ತೆಗೆದುಕೊಂಡವಳು ಮಲ್ಲಿಗಮ್ಮ, ಬೈಸಿಕೊಳ್ಳುವವಳೂ ಮಲ್ಲಿಗಮ್ಮ, ನಾಳೆಯಿಂದ ಅವಳ ಕೊಡ ನಿಲ್ಲುತ್ತದೆ, ತನ್ನ ಕೊಡ ಮತ್ತೆ ಮೊದಲಿನದಾಗುತ್ತದೆ. ಇಷ್ಟೇ ಅವಳು ಎಣಿಸಿದ್ದು. ಕೊಟ್ಟವರನ್ನು ಹಿಡಿದರೆ ಪಡೆದವರೆಲ್ಲ ತಾವಾಗಿಯೇ ಒಣಗುತ್ತಾರೆ ಎನ್ನುವ ಸಾಹುಕಾರರ ಲೆಕ್ಕ ಅವಳಿಗೆ ಎಲ್ಲಿಂದ ಗೊತ್ತಿರಬೇಕು.

ಸಂಜೆಯೊಳಗೆ ಮಾದೇವನ ಸಾಮಾನು ಬೇಲಿಯಾಚೆ ಬಿತ್ತು. ಒಂದು ಒನಕೆ, ಎರಡು ಮಡಕೆ, ಕಂಬಳಿ, ಮುರಿದ ತೊಟ್ಟಿಲು, ಕೋಳಿ. ಆ ಬಾವಿಯ ನೀರನ್ನು ಬಡಾವಣೆಯವರು ಯಾರೂ ಕುಡಿಯುತ್ತಿರಲಿಲ್ಲ, ಅವರವರ ಹಿತ್ತಲಲ್ಲಿ ಅವರವರ ಬಾವಿಯಿತ್ತು. ಆದರೂ ಎರಡು ದಿನ ಬೇರೆ ಆಳಿಟ್ಟು ಬಾವಿಯನ್ನು ತೋಡಿ ಬರಿದು ಮಾಡಿ ಸುಣ್ಣ ಹಾಕಿಸಿದರು. ಎರಡು ವರ್ಷದಿಂದ ಅದೇ ಏತದ ಹಗ್ಗವನ್ನು ಮಾದೇವ ದಿನಾ ಹಿಡಿದಿದ್ದ. ಗಿಡಕ್ಕೆ ಎತ್ತುವಾಗ ಅವನ ಕೈ ಕೈಯೇ ಅಲ್ಲ, ಏತದ ಮರದ ಒಂದು ತುಂಡು. ಮನುಷ್ಯರಿಗೆ ಕುಡಿಯಲು ಎತ್ತಿದ ಕೂಡಲೇ ಅದು ಕೇರಿಯ ಕೈಯಾಯಿತು. ಮುಟ್ಟಬೇಡ ಎನ್ನುವುದು ಅಪರಾಧ ಎಂದು ಕಾನೂನು ಬಂದು ವರ್ಷವಾಗಿತ್ತು, ಅದು ಸಾಹುಕಾರರಿಗೂ ಗೊತ್ತಿತ್ತು. ಅದಕ್ಕೇ ಕಾಗದದಲ್ಲಿ ಬೇರೆ ಬರೆಸಿದರು: ನೀರು ಕಳವು, ಕೆಲಸದಲ್ಲಿ ಉದಾಸೀನ.

ಕಳವು ಎಂಬ ಮಾತಿಗೆ ದೊಡ್ಡಮಾದಮ್ಮ ಬಾಯಿ ತೆರೆದಳು. ಯಾರು ಹೇಳಿದರು, ಯಾರು ಕಂಡರು ಎಂದು ಕೇಳಿದಳು. ಕರಿಬಸವಯ್ಯನವರು ಸೇರಿದ್ದವರನ್ನು ಒಂದು ಸಲ ನೋಡಿ, ಕೊಡೆಯ ತುದಿಯನ್ನು ಸುಂದ್ರಮ್ಮನ ಕಡೆ ತೋರಿಸಿದರು.

"ನಿನ್ ಒಡಹುಟ್ಟಿದೋಳೇ ಹೇಳವ್ಳೆ. ಇಲ್ಲ ಅನ್ಸು ನೋಡನ."

ಎಲ್ಲರೂ ಸುಂದ್ರಮ್ಮನ ಕಡೆ ತಿರುಗಿದರು. ಅವಳು ಇಲ್ಲ ಅನ್ನಲಿಲ್ಲ. ದೊಡ್ಡಮಾದಮ್ಮ ಕೋಳಿಯನ್ನು ಮಂಕರಿಯಲ್ಲಿ ಹಾಕಿ ಹೊತ್ತುಕೊಂಡು, ರಂಗಿಯ ಕೈ ಹಿಡಿದು ತಂಗಿಯ ಪಕ್ಕದಲ್ಲೇ ಹಾದುಹೋದಳು. ಅವತ್ತಿನಿಂದ ಅವಳ ಬಾಯಿಂದ ಸುಂದ್ರಮ್ಮನಿಗೆ ಒಂದು ಮಾತು ಬೀಳಲಿಲ್ಲ.

ಸುಂದ್ರಮ್ಮನ ಆಸೆ ಅಷ್ಟಾದರೂ ಸಾಯಲಿಲ್ಲ. ಅದನ್ನು ಹೇಳದಿದ್ದರೆ ಈ ಕಥೆ ಸುಳ್ಳಾಗುತ್ತದೆ. ಎರಡು ದಿನ ಬಿಟ್ಟು ಅವಳು ಮಂಕರಿ ಹೊತ್ತು ತೋಟದ ಬಾಗಿಲಿಗೆ ಹೋಗಿ, ನಮ್ಮ ಮನೆಯವರೂ ಏತ ತುಳಿಯುತ್ತಾರೆ, ಗುಡಿಸಲು ಖಾಲಿ ಇದೆಯಲ್ಲ ಎಂದು ರೈಟರನ್ನು ಕೇಳಿದಳು. ಅವರು ನಕ್ಕರು.

"ಅಕ್ಕನ್ನೇ ಹೇಳ್ಕೊಟ್ಟೋಳು ನಾಳೆ ನನ್ನ ಬುಟ್ಟೀಯಾ? ಓಗು, ನಿಮ್ಮೋರ ಸಾವಾಸವೇ ಬ್ಯಾಡ ಅಂದವ್ರೆ ಸಾವ್ಕಾರ್ರು. ನೀನೂ ಇನ್ಮೇಕ ಬರ್ಬ್ಯಾಡ."

ಹೊಸ ಮಾಲಿ ಬೇರೆ ಊರಿನಿಂದ ಬಂದ. ಗೊಬ್ಬರ ಗಾಡಿಯಲ್ಲಿ ಬರತೊಡಗಿತು. ಗುಡಿಸಲು ಕೆಡವಿ ಅಲ್ಲಿ ಕಲ್ಲುಬೆಂಚು ಹಾಕಿದರು. ಕೆಂಪು ಕಂಠದ ಮಂಕರಿ ಸುಂದ್ರಮ್ಮನ ಮನೆಯಲ್ಲೇ ಉಳಿಯಿತು. ಕೇಳುವವರಿರಲಿಲ್ಲ.

ಮಾದೇವ ಗುಂಡ್ಲುಪೇಟೆ ಕಡೆ ಊಟಿ ರಸ್ತೆಯ ಮಣ್ಣು ಕೆಲಸಕ್ಕೆ ಸೇರಿ, ವಾರಕ್ಕೊಮ್ಮೆ ತೆರಕಣಾಂಬಿ ಮೇಲಿನ ಬಸ್ಸಿಗೆ ಬಂದು ಹೋಗುವವನಾದ. ದೊಡ್ಡಮಾದಮ್ಮ ತಂಗಿಯ ಗೋಡೆಗೇ ಅಂಟಿದ ಹಳೆಯ ಮಾಡಿನಲ್ಲಿ ಒಲೆ ಹೂಡಿದಳು, ಮಾದೇವ ಬಿಟ್ಟುಹೋಗಿದ್ದ ಮನೆ ಮಳೆಗೆ ಕುಸಿದಿತ್ತು, ಕೇರಿಯಲ್ಲಿ ಖಾಲಿ ಇದ್ದದ್ದು ಅದೊಂದೇ ಜಾಗ. ನಡುವೆ ಒಂದು ಗೇಣಿನ ಮಣ್ಣುಗೋಡೆ. ಈಚೆ ಸುಂದ್ರಮ್ಮ ಕೆಮ್ಮಿದರೆ ಆಚೆ ಕೇಳುತ್ತಿತ್ತು. ಆಚೆ ರಂಗಿ ನಕ್ಕರೆ ಈಚೆ ಕೇಳುತ್ತಿತ್ತು. ಮಳೆ ಹಿಡಿಯಿತು, ಗುಂಡಿ ಮೇಲಕ್ಕೆ ಬಂತು, ಸೊಳ್ಳೆ ಹಗಲಲ್ಲೇ ಗೋಡೆಯ ಮೇಲೆ ಕೂರತೊಡಗಿತು. ಶ್ರಾವಣ ಕಳೆಯುವ ಹೊತ್ತಿಗೆ ಆಚೆಯಿಂದ ನಗು ಕೇಳುವುದು ನಿಂತಿತು. ಹಲ್ಲು ಕಟಕಟಿಸುವ ಸದ್ದು ಶುರುವಾಯಿತು.

ಸುಂದ್ರಮ್ಮ ಒಲೆಯ ಮುಂದೆ ಕೂತು ಆ ಸದ್ದನ್ನು ಕೇಳಿದಳು. ಅದು ಅವಳಿಗೆ ಗೊತ್ತಿದ್ದ ಸದ್ದು.

ಆಶ್ವೀಜದ ಒಂದು ಮಧ್ಯಾಹ್ನ ದೊಡ್ಡಮಾದಮ್ಮ ಕಳೆ ಕೀಳಲು ಹೋಗಿದ್ದಳು. ರಂಗಿ ಮಾಡಿನ ಬಾಗಿಲಲ್ಲಿ ಬಿಸಿಲಿಗೆ ಮಲಗಿದ್ದಳು. ಸುಂದ್ರಮ್ಮ ಅತ್ತ ಇತ್ತ ನೋಡಿ, ಕೈ ಒರೆಸಿಕೊಂಡು, ಪಕ್ಕೆಲುಬಿನ ಕೆಳಗೆ ಬೆರಳಿಟ್ಟಳು. ಸಿಕ್ಕಿತು. ಒಂದು ಬೆರಳು. ಎರಡನೆಯ ಬೆರಳಿಗೂ ಅದೇ ಗಟ್ಟಿ, ಹಸಿ ಗೆಣಸಿನ ಹಾಗೆ. ಕೂಸು ಈ ಸಲ ನಗಲಿಲ್ಲ, ಕಣ್ಣು ಬಿಟ್ಟು ಚಿಕ್ಕವ್ವನನ್ನು ನೋಡಿತು.

ತಾನು ಬಯಸಿದ್ದು ಇದನ್ನೇ. ಒಂದು ಬೆರಳು ಕೇಳಿದ್ದಳು, ಎರಡು ಸಿಕ್ಕಿತ್ತು. ಎದೆ ತಣ್ಣಗಾಗಬೇಕಿತ್ತು. ತಣ್ಣಗಾದದ್ದು ಅವಳ ಕೈಕಾಲು.

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತಳು. ಚೆನ್ನಾಜಿಯ ಗಡ್ಡೆ ಮಾರಮ್ಮನ ಮುನಿಸು ಎಂದು ಒಬ್ಬರು ಹೇಳಿದ್ದರು, ಪುಟ್ಟಮಾದುವಿನ ವಂಶದ ರಕ್ತ ಎಂದು ಇನ್ನೊಬ್ಬರು, ನೀನು ಕೂಸನ್ನು ನೋಡಿಕೊಳ್ಳುವುದು ಸಾಲದು ಎಂದು ಆಸ್ಪತ್ರೆಯ ಕಾಂಪೌಂಡರು. ಅಕ್ಕನ ಹಣೆಬರಹ ಚೆನ್ನಾಗಿತ್ತು ಎಂದು ಅವಳೇ ಹೇಳಿಕೊಂಡಿದ್ದಳು. ಈಗ ಕಣ್ಣ ಮುಂದೆ ಮಲಗಿತ್ತಲ್ಲ. ಅದೇ ಕೂಸು, ಅದೇ ಅವ್ವ, ಅದೇ ಅಂಬಲಿ. ಎರಡು ವರ್ಷ ಅಲ್ಲಿದ್ದು ಸೊನ್ನೆ, ನಾಲ್ಕು ತಿಂಗಳು ಇಲ್ಲಿದ್ದು ಎರಡು ಬೆರಳು. ಬದಲಾದದ್ದು ಜಾಗ ಒಂದೇ. ಹಣೆಬರಹ ಬರೆದವರ ಮನೆಯ ಹೆಂಚು ಇಲ್ಲಿಂದಲೇ ಕಾಣುತ್ತಿತ್ತು. ಅವರ ಬಚ್ಚಲ ನೀರು ಆ ಹೊತ್ತಿನಲ್ಲೂ ಮೋರಿಯಿಂದ ಗುಳುಗುಳು ಎನ್ನುತ್ತ ಇಳಿಯುತ್ತಿತ್ತು. ಇಷ್ಟು ದಿನ ಅವಳು ಹೊಟ್ಟೆ ಉರಿದುಕೊಂಡದ್ದು ಯಾರ ಮೇಲೆ? ಆ ತೋಟದ ಮೂಲೆಯ ಹುಲ್ಲಿನ ಗುಡಿಸಲ ಮೇಲೆ. ಹೆಂಚಿನ ಮನೆಗಳ ಮೇಲೆ ಉರಿದುಕೊಳ್ಳಬೇಕು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಅವು ತನ್ನಿಂದ ಎಷ್ಟು ದೂರ ಎಂದರೆ ಅಸೂಯೆಯೂ ಅಲ್ಲಿಯ ತನಕ ಹೋಗುತ್ತಿರಲಿಲ್ಲ.

ಮಾರನೆಯ ದಿನ, ಬಡಾವಣೆ ಊಟ ಮಾಡಿ ಮಲಗುವ ಹೊತ್ತಿನಲ್ಲಿ, ಸುಂದ್ರಮ್ಮ ಗುದ್ದಲಿ ಮತ್ತು ಕೆಂಪು ಕಂಠದ ಮಂಕರಿ ತೆಗೆದುಕೊಂಡು ಹೊರಟಳು. ಮಂಕರಿ ತಲೆಯ ಮೇಲಿದ್ದದ್ದರಿಂದ ರಸ್ತೆಯಲ್ಲಿ ಯಾರೂ ಏನು ಕೆಲಸ ಎಂದು ಕೇಳಲಿಲ್ಲ. ಗುಂಡಿಯ ದಡದಲ್ಲಿ ಗಂಡ ಬಿಸಾಕಿದ್ದ ಹಸಿಬಿಸಿ ಬೆಂದ ಇಟ್ಟಿಗೆ ಚೂರುಗಳಿದ್ದವು. ಅವನ್ನು ತುಂಬಿಕೊಂಡು ತೋಟದ ಹಿಂಗೋಡೆಯ ಬಳಿ ಚರಂಡಿ ಮೋರಿಗೆ ಸೇರುವ ಕಡೆ ಇಳಿದು, ತುಂಬಿದ ಮಂಕರಿಯನ್ನೇ ಮೋರಿಯ ಬಾಯಿಗೆ ತುರುಕಿ, ಸುತ್ತ ಜೇಡಿಮಣ್ಣು ಮೆತ್ತಿ ತುಳಿದಳು. ಗುಳುಗುಳು ನಿಂತಿತು. ನೀರು ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದ ಹಾಗೆ ಸುತ್ತಿ, ನಿಧಾನಕ್ಕೆ ಬಂದ ದಾರಿಯಲ್ಲೇ ಏರತೊಡಗಿತು. ಅವಳು ಕಾಲು ತೊಳೆದುಕೊಳ್ಳದೆ ಮನೆಗೆ ಬಂದಳು.

ಮೂರನೆಯ ದಿನಕ್ಕೆ ಗುಲಾಬಿ ಮಡಿಯಲ್ಲಿ ಸಾಬೂನು ನೊರೆಯ ನೀರು ನಿಂತಿತು. ಕಲ್ಲುಬೆಂಚಿನ ಕಾಲು ಮುಳುಗಿತು. ವಕೀಲರ ಮನೆಯವರು ಕಿಟಕಿ ಮುಚ್ಚಿಕೊಂಡರು. ನಾಲ್ಕನೆಯ ದಿನ ಗುರುಮಲ್ಲಮ್ಮನವರಿಗೆ ಆ ವಾಸನೆಗೆ ಉಬ್ಬಸ ಕೆರಳಿತೆಂದು ಡಾಕ್ಟರ ಜಟಕಾ ಎರಡು ಸಲ ಬಂದುಹೋಯಿತು. ಕೇರಿಗೆ ಅದು ಯಾವತ್ತೂ ಬಂದದ್ದಿಲ್ಲ. ಸುಂದ್ರಮ್ಮ ಜಟಕಾದ ಸದ್ದನ್ನು ಎಣಿಸುತ್ತ ಕೂತಳು. ಆ ಅಮ್ಮನ ಮೇಲೆ ಅವಳಿಗೆ ಮರುಕ ಹುಟ್ಟಲಿಲ್ಲ.

ಐದನೆಯ ದಿನ ಕರಿಬಸವಯ್ಯ ಕೆಸರು ಮೆತ್ತಿದ ಮಂಕರಿಯನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಕೇರಿಗೆ ಬಂದು, ನಿಂಗಯ್ಯನ ಜಗಲಿಯ ಮುಂದೆ ಎಸೆದರು. ಕೆಂಪು ಕಂಠ ಹಾಗೇ ಇತ್ತು.

"ಈ ಮಂಕರಿ ತೋಟದ್ದು. ಇಂಥವು ಈ ಕೇರೀಲಿ ಇದ್ದದ್ದು ಎರಡೇ. ಒಂದು ಇವಳ ತಾವ, ಒಂದು ಅವಳ ತಾವ. ಇದು ಯಾರದು?"

ಅವರು ದೊಡ್ಡಮಾದಮ್ಮನನ್ನೇ ನೋಡುತ್ತಿದ್ದರು. ಅವಳ ಮನಸ್ಸಿನಲ್ಲಿ ಏನಿರಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ನಂಬಿಕೊಂಡೇ ಬಂದಿದ್ದರು. ಸುಂದ್ರಮ್ಮನಿಗೂ ಗೊತ್ತಿತ್ತು. ಅಕ್ಕನ ಮಂಕರಿ ಮಾಡಿನ ಒಳಗೆ ಕೋಳಿಯ ಮೇಲೆ ಕವುಚಿತ್ತು. ಒಳಗೆ ಬಂದು ನೋಡಿ ಎಂದರೆ ಸಾಕು. ಪೊಲೀಸರು, ಗಂಡನ ಕೂಲಿ, ಜ್ವರದ ಕೂಸು, ಎಲ್ಲ ಸುಂದ್ರಮ್ಮನ ಕಣ್ಣ ಮುಂದೆ ಬಂತು. ತಾನಾಗಿದ್ದರೆ ಹೇಳುತ್ತಿದ್ದೆ ಎಂದುಕೊಂಡಳು. ಹೇಳಿಯೂ ಇದ್ದಳು.

"ನಂದು ಅಯ್ನೋರೆ," ಎಂದಳು ದೊಡ್ಡಮಾದಮ್ಮ. "ಮಳೇಲಿ ಗುಂಡಿ ಉಕ್ದಾಗ ತೇಲೋಯ್ತು."

"ಗುಂಡೀಲಿ ತ್ಯಾಲಿದ್ದು ಮ್ಯಾಲಕ್ಕೆ ಹತ್ತಿ ಮೋರೀಗೆ ಬಂತಾ? ಇಟ್ಟಿಗೆ ತುಂಬ್ಕೊಂಡು?"

"ನೀರು ಅಯ್ನೋರೆ. ಎತ್ಲಾಗ ತಳ್ತೋ ಅತ್ಲಾಗ ಓಯ್ತದ. ನೀರ್ಗ ಯಾರು ಏಳ್ಕೊಟ್ಟಾರು."

ಹೇಳಿಕೊಡುವ ಮಾತು ಬಂದಾಗ ಕೂಡ ಅವಳು ತಂಗಿಯ ಕಡೆ ನೋಡಲಿಲ್ಲ. ತುರುಕಿದವರನ್ನು ಕಂಡೆ ಎನ್ನುವವರು ಯಾರೂ ಸಿಗದೆ ರೈಟರು ನಿಂಗಯ್ಯನಿಗೆ, ಮೋರಿಯ ಒಳಗೆ ಇಟ್ಟಿಗೆ ಕಚ್ಚಿಕೊಂಡಿದೆ, ಈಗಿಂದೀಗ ನಾಲ್ಕು ಆಳು ಕಳಿಸು, ದುಪ್ಪಟ್ಟು ಕೂಲಿ ಎಂದರು. ಮುದುಕ ಎದ್ದು ನಿಂತು ತನ್ನ ಅಂಗಿ ಎತ್ತಿ ಹೊಟ್ಟೆ ತೋರಿಸಿದ.

"ಎಲ್ರಿಗೂ ಗಡ್ಡೆ ಬುದ್ದಿ. ಬಗ್ಗಕಾಗದು."

ಬೇರೆ ಊರಿನ ಆಳು ತಂದು ಮೋರಿ ಬಿಡಿಸಿದರು. ಎರಡು ದಿನಕ್ಕೆ ಮತ್ತೆ ಕಟ್ಟಿಕೊಂಡಿತು. ಆ ಸಲ ಕಟ್ಟಿದವಳು ಮಲ್ಲಿಗಮ್ಮ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಇಳಿದಿದ್ದಳು. ಮೂರನೆಯ ಸಲ ಕಟ್ಟಿದವರು ಯಾರು ಎಂದು ಸುಂದ್ರಮ್ಮನಿಗೂ ತಿಳಿಯಲಿಲ್ಲ. ಕಾರ್ತಿಕದ ಕೊನೆಗೆ ದೊಡ್ಡಮಲ್ಲಪ್ಪನವರು, ಹೆಂಡತಿಯ ಉಸಿರಿಗಾಗಿ, ಬಡಾವಣೆಯ ನೀರನ್ನು ಬಡಾವಣೆಯಾಚೆಯ ತಮ್ಮದೇ ಬೀಳು ಹೊಲಕ್ಕೆ ಹಾಯಿಸುವಂತೆ ಹೊಸ ಕಾಲುವೆ ತೋಡಿಸಿದರು. ಕೇರಿಯ ಹೆಸರನ್ನು ಆ ವಿಚಾರದಲ್ಲಿ ಯಾರೂ ಎತ್ತಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಗುಂಡಿ ಬತ್ತಿ, ತಳ ಬಿರುಕು ಬಿಟ್ಟು ಬಿಸಿಲು ಕಾಯಿಸುತ್ತಿತ್ತು. ಸುಂದ್ರಮ್ಮ ದಡದಲ್ಲಿ ಚೆನ್ನಾಜಿಯನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಕೊನೆಯ ಸಲ ಜ್ವರ ಬಂದು ಒಂದೂವರೆ ತಿಂಗಳಾಗಿತ್ತು. ಗಡ್ಡೆಯನ್ನು ಅಳೆಯಲು ಅವಳಿಗೆ ಧೈರ್ಯ ಬಂದಿರಲಿಲ್ಲ. ಪಕ್ಕದಲ್ಲಿ ನೆರಳು ಬಿತ್ತು. ದೊಡ್ಡಮಾದಮ್ಮ ರಂಗಿಯನ್ನು ಕಂಕುಳಿಂದ ಇಳಿಸಿ, ಕೂತು, ಯಾರನ್ನೂ ಕೇಳದೆ ಚೆನ್ನಾಜಿಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಒತ್ತಿದಳು. ಒಂದೊಂದೇ ಬೆರಳು ಸರಿಸಿ ನೋಡಿದಳು.

"ಮೂರು," ಎಂದಳು.

ಎಂಟು ತಿಂಗಳಲ್ಲಿ ಅಕ್ಕನ ಬಾಯಿಂದ ಅವಳಿಗೆ ಬಿದ್ದ ಮೊದಲ ಮಾತು. ಸುಂದ್ರಮ್ಮ ಏನೋ ಹೇಳಲು ಹೋದಳು. ದೊಡ್ಡಮಾದಮ್ಮ ಬೇಡ ಎನ್ನುವಂತೆ ತಲೆಯಾಡಿಸಿ, ರಂಗಿಯನ್ನು ಅವಳ ಮುಂದೆ ಮಲಗಿಸಿದಳು. ಈ ಸಲ ಅತ್ತ ಇತ್ತ ನೋಡುವ ಹಾಗಿರಲಿಲ್ಲ, ತಾಯಿ ಎದುರಿಗೇ ಕೂತಿದ್ದಳು. ಸುಂದ್ರಮ್ಮ ಕೈ ಒರೆಸಿಕೊಂಡು ಒತ್ತಿದಳು.

"ಒಂದು."

ತನ್ನ ಮಗಳಿಗಿಂತ ಎರಡು ಬೆರಳು ಕಮ್ಮಿ. ಹಳೆಯ ಉರಿ ಅದೇ ಜಾಗದಲ್ಲಿ, ಅದೇ ರೀತಿ ಎದ್ದಿತು. ಅವಳು ಅದನ್ನು ಒತ್ತಿ ಇಡಲಿಲ್ಲ. ತಲೆಯೆತ್ತಿ ನೋಡಿದಳು. ರಸ್ತೆಯಾಚೆ ಗೋಡೆಯ ಮೇಲಿಂದ ಹೊಂಗೆಗಳು ಕಾಣುತ್ತಿದ್ದವು, ಎಳೆ ಚಿಗುರು ಬಿಸಿಲಿಗೆ ಮಿರುಗುತ್ತಿತ್ತು. ಅದರ ಕೆಳಗೆ ಯಾವುದೋ ಮಕ್ಕಳು ಕೂಗುತ್ತ ಓಡುವ ಸದ್ದು ಬರುತ್ತಿತ್ತು.

"ಅಲ್ಲಿ ಈಗ್ಲೂ ಸೊನ್ನೆ ಅಲ್ವಾಕ್ಕ?"

ದೊಡ್ಡಮಾದಮ್ಮ ಆ ಕಡೆ ತಿರುಗಿ ನೋಡಿದಳು.

"ಊಂ ಕಣಮ್ಮಿ. ಸೊನ್ನೆ."